ಅಂಡಾಶಯದ ತೊಂದರೆಯಲ್ಲಿ ಮಿದುಳಿನ ಪಾಲು

ಸಂತಾನೋತ್ಪತ್ತಿಯ ವಯಸ್ಸಿನ ಹತ್ತು ಮಹಿಳೆಯರಲ್ಲಿ ಸುಮಾರು ಒಬ್ಬರನ್ನು ಕಾಡುವ, ಜನರ ಬಾಯಲ್ಲಿ ಪಿಸಿಓಡಿ ಎಂದೂ ವೈದ್ಯರ ಬರಹದಲ್ಲಿ ಪಿಸಿಓಎಸ್ ಎಂದೂ ರೂಢಿಯಾಗಿರುವ ತೊಂದರೆಯನ್ನು ಶಿಕಾಗೋದ ಸ್ಟೈನ್ ಮತ್ತು ಲೆವೆಂಥಾಲ್ 1935ರಲ್ಲಿ ವಿವರಿಸಿದಾಗ ಅವರ ಕಣ್ಣಿಗೆ ಬಿದ್ದದ್ದು ದಪ್ಪಗಾದ ಅಂಡಾಶಯ. ಅದರ ಒಂದು ತುಣುಕನ್ನು ಕತ್ತರಿಸಿ ತೆಗೆಯುವುದೇ ಅವರ ಚಿಕಿತ್ಸೆಯಾಗಿತ್ತು. ಮುಟ್ಟಿನ ಏರುಪೇರಿಗೂ ಗಲ್ಲದ ಮೇಲಿನ ಗಡುಸು ಕೂದಲಿಗೂ ಇಂದಿಗೂ ಅಂಡಾಶಯವನ್ನೇ ದೂರುವುದುಂಟು. ಆದರೆ ಸ್ಕ್ಯಾನಿಂಗ್‌ನಲ್ಲಿ ಕಾಣುವ ನೀರುಗುಳ್ಳೆಗಳು ವಾಸ್ತವವಾಗಿ ಅಂಡಾಣುವನ್ನು ಒಳಗಿಟ್ಟುಕೊಂಡ ಫಾಲಿಕಲ್‌ಗಳೆಂಬ ಪುಟ್ಟ ಚೀಲಗಳಾಗಿದ್ದು, ಅವುಗಳ ಬೆಳವಣಿಗೆ ಅರ್ಧಕ್ಕೇ ನಿಲ್ಲುವುದರಲ್ಲಿ ಮಿದುಳಿನ ಪಾಲು ಸಣ್ಣದಲ್ಲ.

ಮಿದುಳಿನ ತಳಭಾಗದ ಹೈಪೋಥಲಾಮಸ್, ಜಿಎನ್‌ಆರ್‌ಎಚ್ ಎಂಬ ಹಾರ್ಮೋನನ್ನು ಬಿಟ್ಟು ಬಿಟ್ಟು ಸ್ರವಿಸುತ್ತದೆ. ಅರ್ನ್‌ಸ್ಟ್ ನೋಬಿಲ್ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮಂಗಗಳಿಗೆ ಈ ಹಾರ್ಮೋನನ್ನು ಗಂಟೆಗೊಮ್ಮೆ ಕೊಟ್ಟಾಗ ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಹಾರ್ಮೋನುಗಳನ್ನು ಬಿಡುಗಡೆ ಮಾಡಿತು. ಒಂದೇ ಸಮನೆ ಹರಿಸಿದಾಗ ಅವುಗಳ ಮಟ್ಟ ಕುಸಿಯಿತು. ಅಂದರೆ, ಪ್ರಮಾಣದಷ್ಟೇ ಲಯವೂ ಮುಖ್ಯ.

ಪಿಸಿಓಎಸ್‌ನಲ್ಲಿ ಕೆಡುವುದು ಈ ಲಯವೇ. ಜಿಎನ್‌ಆರ್‌ಎಚ್ ಮಿಡಿತ ಚುರುಕಾದಂತೆ ಎಲ್‌ಎಚ್ ಏರಿ, ಅಂಡಾಶಯದಿಂದ ಆಂಡ್ರೋಜನ್, ಅಂದರೆ ಪುರುಷ ಹಾರ್ಮೋನು, ಹೆಚ್ಚು ತಯಾರಾಗುತ್ತದೆ. ಎಫ್‌ಎಸ್‌ಎಚ್ ಸಾಲದೆ ಫಾಲಿಕಲ್ ಬಲಿಯುವುದಿಲ್ಲ, ಅಂಡಾಣು ಬಿಡುಗಡೆಯಾಗುವುದಿಲ್ಲ. ಆಗ ಮಿಡಿತಕ್ಕೆ ಕಡಿವಾಣ ಹಾಕಬೇಕಾದ ಪ್ರೊಜೆಸ್ಟರಾನ್ ಕೂಡ ಹುಟ್ಟುವುದಿಲ್ಲ. ಹುಟ್ಟಿದರೂ, ಆಂಡ್ರೋಜನ್ ಹೆಚ್ಚಿದ ಮಿದುಳು ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ. ದೋಷ ಮೊದಲು ಮಿದುಳಿನದೋ ಅಂಡಾಶಯದ್ದೋ ಎಂಬ ಪ್ರಶ್ನೆಗೆ ಹೀಗಾಗಿ ಹೆಚ್ಚು ಅರ್ಥ ಉಳಿಯುವುದಿಲ್ಲ.

ಈ ಮಿಡಿತವನ್ನು ನಡೆಸುವ ನರಕೋಶಗಳು ಮೂರು ರಾಸಾಯನಿಕಗಳನ್ನು ಬಳಸುತ್ತವೆ: ಕಿಸ್‌ಪೆಪ್ಟಿನ್ ಜಿಎನ್‌ಆರ್‌ಎಚ್ ಬಿಡುಗಡೆಗೆ ಪ್ರಚೋದಿಸಿದರೆ, ನ್ಯೂರೋಕೈನಿನ್-ಬಿ ಆ ನರಕೋಶಗಳನ್ನೇ ಕೆರಳಿಸುತ್ತದೆ, ಡೈನಾರ್ಫಿನ್ ಅವುಗಳನ್ನು ತಡೆಯುತ್ತದೆ. ಇವುಗಳ ಜೊತೆಗೆ ಗಾಬಾ ಎಂಬುದೊಂದಿದೆ. ಮಿದುಳಿನ ಉಳಿದೆಡೆ ಸಾಮಾನ್ಯವಾಗಿ ಶಮನಕಾರಿಯಾದ ಇದು, ಜಿಎನ್‌ಆರ್‌ಎಚ್ ನರಕೋಶಗಳಲ್ಲಿ ಕ್ಲೋರೈಡ್ ಅಂಶ ಹೆಚ್ಚಿರುವುದರಿಂದ, ಅಲ್ಲಿ ಉದ್ರೇಕಕಾರಿಯಾಗಬಲ್ಲದು. ಭ್ರೂಣಾವಸ್ಥೆಯಲ್ಲೇ ಆಂಡ್ರೋಜನ್ ಸೋಕಿದ ಹೆಣ್ಣಿಲಿಗಳಲ್ಲಿ ಗಾಬಾ ಸಂಪರ್ಕಗಳು ಹೆಚ್ಚಿರುವುದು ಕಂಡುಬಂದಿದೆ. ಜನಪ್ರಿಯ ಲೇಖನಗಳು ಎತ್ತಿ ಹೇಳುವ ಸೆರಟೋನಿನ್, ಡೋಪಮೈನ್‌ಗಳ ವಿಷಯದಲ್ಲಿ ಪುರಾವೆ ಇಷ್ಟು ಗಟ್ಟಿಯಾಗಿಲ್ಲ.

ನ್ಯೂರೋಕೈನಿನ್-ಬಿಯ ಪ್ರಭಾವವನ್ನು ತಡೆಯುವ ಫೆಜೋಲಿನೆಟಂಟ್ ಔಷಧವನ್ನು ಪಿಸಿಓಎಸ್ ಇರುವವರಿಗೆ 12 ವಾರ ಕೊಟ್ಟು ನೋಡಿದಾಗ ಎಲ್‌ಎಚ್ ಮತ್ತು ಟೆಸ್ಟೋಸ್ಟಿರಾನ್ ಇಳಿದವಾದರೂ ಮುಟ್ಟು ಕ್ರಮಕ್ಕೆ ಬರಲಿಲ್ಲ. ಮಿದುಳಿನ ಲಯವಲ್ಲದೆ, ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದ ಸ್ಥಿತಿಯಾದ ಇನ್ಸುಲಿನ್ ಪ್ರತಿರೋಧವೂ ಅಂಡಾಶಯದ ಆಂಡ್ರೋಜನ್ ಉತ್ಪಾದನೆಯನ್ನು ಹೆಚ್ಚಿಸುತ್ತದೆಯಾದ್ದರಿಂದ, ಮೆಟ್‌ಫಾರ್ಮಿನ್ ಔಷಧ, ವ್ಯಾಯಾಮ ಮತ್ತು ಆಹಾರದ ಹಿಡಿತಕ್ಕೆ ಚಿಕಿತ್ಸೆಯಲ್ಲಿರುವ ಸ್ಥಾನ ಹಾಗೆಯೇ ಮುಂದುವರಿದಿದೆ.