ಬಕೆಟ್ಟಿನ ಕುಲಗೋತ್ರ

ಮೈಸೂರಿನ ಲಕ್ಷ್ಮೀಪುರಂನ ಹಳೇ ಮನೆಗಳ ಬಚ್ಚಲಲ್ಲೂ ಈಗ ತಾಮ್ರದ ಚೊಂಬಿನ ಜಾಗಕ್ಕೆ ಪ್ಲಾಸ್ಟಿಕ್ ಮಗ್ಗು ಬಂದು ಕೂತಿದೆ. ಅಡುಗೆಮನೆಯಲ್ಲಿ ಹಾಲಿನ ಕವರ್, ಎಣ್ಣೆ ಕ್ಯಾನು, ಮೂಲೆಯಲ್ಲಿ ಅಕ್ಕಿಮೂಟೆ. ನಮಗೆ ಎಲ್ಲವೂ ಬರೀ ಪ್ಲಾಸ್ಟಿಕ್ಕು. ಕಚ್ಚಾಮಾಲಿನ ವ್ಯಾಪಾರಿ ಮಾತ್ರ ಒಂದೊಂದರ ಕುಲಗೋತ್ರವನ್ನೂ ಬೇರೆಬೇರೆ ಹೇಳುತ್ತಾನೆ.

ಕಾರ್ಖಾನೆಗೆ ಬರುವಾಗ ಅದು ಸಬ್ಬಕ್ಕಿಯಂಥ ಹರಳು. ಹೆಚ್ಚಾಗಿ 25 ಕಿಲೋ ಚೀಲ. ಜಿಎಸ್‌ಟಿ ಬಿಲ್ಲಿನಲ್ಲಿ ಅದರ ಎಚ್‌ಎಸ್‌ಎನ್ ಸಂಖ್ಯೆ ಇರುತ್ತದೆ: 3901 ಎಂದರೆ ಪಾಲಿಎಥಿಲೀನ್, 3902 ಪಾಲಿಪ್ರೊಪಿಲೀನ್, 3904 ಪಿವಿಸಿ. ನೀರಿನ ಬಾಟಲಿಯ ಪೆಟ್ 3907ರಲ್ಲಿ. 3901ರೊಳಗೂ ಒಳಪಂಗಡಗಳಿವೆ. ಸಾಂದ್ರತೆ 0.94 ಮುಟ್ಟಿದರೆ ಗಟ್ಟಿ ಕ್ಯಾನು, ಡ್ರಮ್ಮಿನ ಎಚ್‌ಡಿ. ಅದಕ್ಕಿಂತ ಕಡಿಮೆಯದು ಹಾಲಿನ ಕವರಿನಂಥ ಬಳುಕುವ ಹಾಳೆಗೆ.

ಇಷ್ಟರಿಂದಲೇ ವ್ಯಾಪಾರ ಕುದುರುವುದಿಲ್ಲ, ಗ್ರೇಡು ಹೇಳಬೇಕು. 3902ರ ಹರಳೇ ಅಕ್ಕಿಮೂಟೆಯ ನೇಯ್ಗೆ ಪಟ್ಟಿಯೂ ಆದೀತು, ತೆಳುಗೋಡೆಯ ಡಬ್ಬಿಯೂ ಆದೀತು. ಯಾವುದಕ್ಕೆ ಯಾವುದು ಎಂದು ಹೇಳುವುದು ಹರಿವಿನ ಅಂಕ. 230 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಿ, 2.16 ಕಿಲೋ ಭಾರ ಹೇರಿದರೆ, ಸಣ್ಣ ತೂತಿನಿಂದ ಹತ್ತು ನಿಮಿಷಕ್ಕೆ ಎಷ್ಟು ಗ್ರಾಂ ಇಳಿಯುತ್ತದೆ ಎಂಬುದೇ ಆ ಅಂಕ. ಮೂಟೆಯ ರಫಿಯಾ ಗ್ರೇಡಿನದು ಸುಮಾರು 3. ಡಬ್ಬಿಯದು ಇನ್ನೂ ನೀರಾಗಿ ಹರಿಯಬೇಕು, ಇಲ್ಲದಿದ್ದರೆ ಅಚ್ಚಿನ ಮೂಲೆ ತುಂಬುವುದಿಲ್ಲ.

ಈ ವಿದ್ಯೆ ಕಲಿಸುವ ಸಂಸ್ಥೆ ಮೈಸೂರಲ್ಲೇ ಇದೆ: ಹೆಬ್ಬಾಳ ಕೈಗಾರಿಕಾ ಪ್ರದೇಶದ ಸಿಪೆಟ್. 1968ರಲ್ಲಿ ಮದ್ರಾಸಿನಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆಯ ಶಾಖೆ ಇದು. ಅಚ್ಚು, ಯಂತ್ರ, ಪರೀಕ್ಷೆ ಎಲ್ಲವನ್ನೂ ಕೈಯಾರೆ ಮಾಡಿ ಕಲಿಯಬಹುದು. ಸಿಎಫ್‌ಟಿಆರ್‌ಐ ಹೆಸರು ಗೊತ್ತಿರುವಷ್ಟು ಮೈಸೂರಿಗರಿಗೆ ಇದರ ಹೆಸರು ಗೊತ್ತಿಲ್ಲದಿರುವುದು ನನಗಂತೂ ಅನ್ಯಾಯವೆನಿಸುತ್ತದೆ.

ಕುಲ ಪತ್ತೆಗೆ ಮನೆಯಲ್ಲೂ ಒಂದು ಉಪಾಯವಿದೆ. ಚೂರೊಂದನ್ನು ನೀರಿಗೆ ಹಾಕಿ: ಹಾಲಿನ ಕವರು, ಅಕ್ಕಿಮೂಟೆ ತೇಲುತ್ತವೆ, ಪೆಟ್, ಪಿವಿಸಿ ಮುಳುಗುತ್ತವೆ. (ಸುಟ್ಟು ನೋಡುವ ಚಪಲ ಬೇಡ, ಪಿವಿಸಿಯ ಹೊಗೆ ಕೆಟ್ಟದ್ದು.)

3902ರ ಹರಳು ಬಕೆಟ್ಟಾದ ಮೇಲೆ ಸಂಖ್ಯೆಯೂ ಬದಲಾಗಿ 3924 ಆಗುತ್ತದೆ. ಒಡೆದು ಗುಜರಿಗೆ ಹೋದರೆ 3915. ಅಲ್ಲಿ ಬಗೆಬಗೆಯಾಗಿ ಬೇರ್ಪಡಿಸಿ, ಒಂದೇ ಜಾತಿಯ ಚೂರನ್ನು ಕರಗಿಸಿ ಮತ್ತೆ ಹರಳು ಮಾಡಿದರೆ ನಿಯಮದ ಪ್ರಕಾರ ಅದು 3915ರಿಂದ ಬಿಡುಗಡೆಯಾಗಿ ತನ್ನ ಹಳೆಯ 3902ಕ್ಕೇ ಮರಳುತ್ತದೆ. ಗುಜರಿ ಅಂಗಡಿಯವರು ಬಾಟಲಿ, ಕವರು, ಬಕೆಟ್ಟುಗಳನ್ನು ಬೇರೆಬೇರೆ ಗುಡ್ಡೆ ಹಾಕಿ, ಬೇರೆಬೇರೆ ದರ ಕೊಡುವುದು ಈ ಲೆಕ್ಕಕ್ಕೇ.