ಲೈಂಗಿಕ ದೌರ್ಜನ್ಯದಿಂದ ನೊಂದವರಿಗೆ ಬೆಂಬಲಕೂಟ ಮತ್ತು ಮನೋಚಿಕಿತ್ಸೆ: ಆಯ್ಕೆಯ ಕೆಲವು ತತ್ತ್ವಗಳು

ಕೈಕಾಲು ಮುರಿದವನನ್ನು ಎಲ್ಲಿಗೆ ಕರೆದೊಯ್ಯಬೇಕೆಂಬುದು ನಮ್ಮ ಯಾವ ಹಳ್ಳಿಯಲ್ಲಿಯೂ ಚರ್ಚೆಯ ವಿಷಯವಲ್ಲ. ಆದರೆ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು ಎಲ್ಲಿಗೆ ಹೋಗಬೇಕು, ಯಾರಲ್ಲಿ ಹೇಳಿಕೊಳ್ಳಬೇಕು, ಯಾವ ಬಗೆಯ ನೆರವನ್ನು ಕೇಳಬೇಕು ಎಂಬುದು ವಿದ್ಯಾವಂತರಲ್ಲಿಯೂ ಬಹುಮಂದಿಗೆ ತಿಳಿದಿಲ್ಲ. ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 13 ರಾಜ್ಯಗಳಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಉತ್ತರಿಸಿದ ಮಕ್ಕಳ ಪೈಕಿ ಶೇಕಡ 53ಕ್ಕೂ ಮಿಕ್ಕವರು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಅನುಭವಿಸಿದುದಾಗಿ ಹೇಳಿದರು. ಹಾಗೆ ಹೇಳಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗಂಡುಮಕ್ಕಳು. ಬಹುಪಾಲು ಮಕ್ಕಳು ಅದನ್ನು ಅದುವರೆಗೆ ಯಾರಿಗೂ ತಿಳಿಸಿರಲಿಲ್ಲ. ಇಂತಹ ಮಕ್ಕಳೇ ಬೆಳೆದು ನಮ್ಮ ಕಾಲೇಜಿನ ತರಗತಿಗಳಿಗೆ ಬರುತ್ತಾರೆ; ಅವರ ಮೊದಲ ಮಾತನ್ನು ಕೇಳುವವರು ಅನೇಕ ವೇಳೆ ಒಬ್ಬ ಅಧ್ಯಾಪಕರೋ ಸಹಪಾಠಿಯೋ ಆಗಿರುತ್ತಾರೆ. ಬೆಂಬಲಕೂಟಕ್ಕೂ ಮನೋಚಿಕಿತ್ಸೆಗೂ ಇರುವ ಭೇದವೇನು, ಇವುಗಳನ್ನು ಅರಸುವ ಕ್ರಮ ಯಾವುದು, ಮೊದಲು ಕೇಳಿದವರ ಹೊಣೆ ಏನು ಎಂಬ ಮೂರು ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ವಿಚಾರ ಮಾಡೋಣ.

ಮೊದಲಿಗೆ ನೋವಿನ ಸ್ವರೂಪವನ್ನು ತಿಳಿಯುವುದು ಅಗತ್ಯ. ಅಮೆರಿಕದ ಬೋಸ್ಟನ್ ನಗರದ ಆಸ್ಪತ್ರೆಗೆ ಬಂದ ಅತ್ಯಾಚಾರಪೀಡಿತ ಸ್ತ್ರೀಯರನ್ನು ಕುರಿತು ಆನ್ ಬರ್ಜೆಸ್ ಮತ್ತು ಲಿಂಡಾ ಹೋಮ್‌ಸ್ಟ್ರಾಮ್ ಎಂಬ ವಿದುಷಿಯರು 1974ರಲ್ಲಿ ಪ್ರಕಟಿಸಿದ ಲೇಖನವು ಈ ಕ್ಷೇತ್ರದಲ್ಲಿ ಒಂದು ಮೈಲಿಗಲ್ಲು. ಘಟನೆಯ ನಂತರ ಕೆಲವರು ಅತ್ತು ನಡುಗಿದರೆ, ಮತ್ತೆ ಕೆಲವರು ಏನೂ ಆಗದವರಂತೆ ಶಾಂತರಾಗಿ ಕುಳಿತಿರುವುದನ್ನು ಅವರು ಗುರುತಿಸಿದರು. ಎರಡೂ ಆಘಾತದ ಲಕ್ಷಣಗಳೇ. ಆದುದರಿಂದ, ಅಳಲಿಲ್ಲವೆಂಬ ಕಾರಣಕ್ಕೆ ಒಬ್ಬರ ಮಾತನ್ನು ಸಂಶಯಿಸುವುದು ಅಶಾಸ್ತ್ರೀಯವೆನಿಸುತ್ತದೆ. ಮನೋವೈದ್ಯೆ ಜೂಡಿತ್ ಹರ್ಮನ್ 1992ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಚೇತರಿಕೆಯ ಮೂರು ಹಂತಗಳನ್ನು ನಿರೂಪಿಸಿದರು: ಸುರಕ್ಷತೆಯ ಸ್ಥಾಪನೆ, ನಡೆದುದರ ಸ್ಮರಣೆ ಮತ್ತು ಅದಕ್ಕಾಗಿ ಶೋಕ, ಜನರೊಡನೆ ಮರುಸಂಬಂಧ. ಈ ಕ್ರಮವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಯಾವ ನೆರವು ಯಾವಾಗ ಸಲ್ಲುತ್ತದೆಂಬುದು ಬಹುಮಟ್ಟಿಗೆ ಸ್ಪಷ್ಟವಾಗುತ್ತದೆ.

ಬೆಂಬಲಕೂಟವೆಂದರೆ ಸಮಾನ ಅನುಭವವುಳ್ಳ ಕೆಲವರು ನಿಯತಕಾಲದಲ್ಲಿ ಸೇರಿ, ಒಬ್ಬರ ಮಾತನ್ನೊಬ್ಬರು ಕೇಳುವ ಕೂಟ. ಇದರ ಮೂಲ ವೈದ್ಯಶಾಸ್ತ್ರದಲ್ಲಿಲ್ಲ, ಸ್ತ್ರೀಯರ ಚಳವಳಿಯಲ್ಲಿದೆ. 1971ರಲ್ಲಿ ನ್ಯೂಯಾರ್ಕಿನಲ್ಲಿ ಸ್ತ್ರೀಯರು ತಮ್ಮ ಅನುಭವಗಳನ್ನು ಬಹಿರಂಗವಾಗಿ ಹೇಳಿಕೊಂಡ ಸಭೆ ನಡೆಯಿತು. ಮರುವರ್ಷ ವಾಷಿಂಗ್ಟನ್ನಿನಲ್ಲಿ ನೊಂದವರಿಗಾಗಿಯೇ ಒಂದು ನೆರವಿನ ಕೇಂದ್ರ ಆರಂಭವಾಯಿತು. ನಮ್ಮ ದೇಶದಲ್ಲಿ, ಬಾಲ್ಯದಲ್ಲಿ ಬಂಧುಗಳಿಂದಲೇ ದೌರ್ಜನ್ಯಕ್ಕೊಳಗಾದ ವಯಸ್ಕ ಸ್ತ್ರೀಯರಿಗಾಗಿ ದೆಹಲಿಯಲ್ಲಿ 1996ರಲ್ಲಿ ಸ್ಥಾಪಿತವಾದ ರಾಹಿ ಸಂಸ್ಥೆಯನ್ನು ಇಲ್ಲಿ ಉದಾಹರಿಸಬಹುದು. ಕೂಟವು ಮಾಡುವ ಮುಖ್ಯ ಕೆಲಸವೆಂದರೆ ಏಕಾಕಿತನವನ್ನು ಕಳೆಯುವುದು. ‘ನನಗೊಬ್ಬಳಿಗೇ ಹೀಗಾಯಿತು, ನನ್ನಲ್ಲಿಯೇ ಏನೋ ದೋಷವಿರಬೇಕು’ ಎಂಬ ಭಾವನೆಯು ಅದೇ ಮಾತನ್ನು ಇನ್ನೊಬ್ಬರ ಬಾಯಿಂದ ಕೇಳಿದಾಗ ಸಡಿಲಗೊಳ್ಳುತ್ತದೆ. ಆದರೆ ನಿದ್ರಾನಾಶ, ಬಿಡದೆ ಮರುಕಳಿಸುವ ಭೀಕರ ನೆನಪು, ಆತ್ಮಹತ್ಯೆಯ ಯೋಚನೆ ಇವುಗಳಿಗೆ ಕೂಟವೊಂದೇ ಸಾಲದು.

ಇಲ್ಲಿ ಮನೋಚಿಕಿತ್ಸೆಯ ಅಗತ್ಯ ಬರುತ್ತದೆ. ತರಬೇತಿ ಪಡೆದ ಚಿಕಿತ್ಸಕರು, ನಿರ್ದಿಷ್ಟ ವಿಧಾನದಿಂದ, ನಿರ್ದಿಷ್ಟ ಗುರಿಯಿಟ್ಟುಕೊಂಡು ನಡೆಸುವ ಕ್ರಿಯೆ ಇದು. ಪೆಟ್ರೀಷಿಯಾ ರೆಸಿಕ್ ರೂಪಿಸಿದ ವಿಚಾರಸಂಸ್ಕರಣ ಚಿಕಿತ್ಸೆಯನ್ನು ನಿದರ್ಶನವಾಗಿ ನೋಡೋಣ. ಇದು ಸಾಮಾನ್ಯವಾಗಿ 12 ಭೇಟಿಗಳಷ್ಟು ನಡೆಯುತ್ತದೆ. ‘ನಾನು ಕೂಗಲಿಲ್ಲ, ಆದುದರಿಂದ ತಪ್ಪು ನನ್ನದೇ’ ಎಂಬಂತಹ ತೀರ್ಮಾನಗಳನ್ನು ನೊಂದವರು ತಾವೇ ಬರೆದು, ಚಿಕಿತ್ಸಕರೊಡನೆ ಅವುಗಳ ಆಧಾರವನ್ನು ಪರೀಕ್ಷಿಸುತ್ತಾರೆ. ಭಯದಿಂದ ಮೈ ಮರಗಟ್ಟುವುದು ಪ್ರಾಣಿಸಹಜವಾದ ಪ್ರತಿಕ್ರಿಯೆಯೇ ಹೊರತು ಸಮ್ಮತಿಯಲ್ಲವೆಂಬುದು ಆಗ ಬುದ್ಧಿಗೆ ಮಾತ್ರವಲ್ಲದೆ ಮನಸ್ಸಿಗೂ ಹತ್ತುತ್ತದೆ.

ಕೂಟ ಮತ್ತು ಚಿಕಿತ್ಸೆಗಳು ಪರಸ್ಪರ ವಿರುದ್ಧವೆಂದು ಭಾವಿಸಬೇಕಾಗಿಲ್ಲ. ಆಫ್ರಿಕದ ಕಾಂಗೋ ದೇಶದ ಹಳ್ಳಿಗಳಲ್ಲಿ ಲೈಂಗಿಕ ಹಿಂಸೆಗೆ ತುತ್ತಾದ ಸ್ತ್ರೀಯರ ನಡುವೆ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗವು ಇದಕ್ಕೆ ಸಾಕ್ಷಿ. ಕೆಲವು ಹಳ್ಳಿಗಳಲ್ಲಿ ಮೇಲೆ ಹೇಳಿದ ಚಿಕಿತ್ಸೆಯನ್ನೇ ಗುಂಪಿನಲ್ಲಿ ನೀಡಲಾಯಿತು. ಉಳಿದವುಗಳಲ್ಲಿ ಒಬ್ಬೊಬ್ಬರಿಗೆ ಪ್ರತ್ಯೇಕವಾಗಿ ಬೆಂಬಲ ಮಾತ್ರ ದೊರೆಯಿತು. ಆರು ತಿಂಗಳ ನಂತರ ನೋಡಿದಾಗ, ಖಿನ್ನತೆ ಅಥವಾ ಆತಂಕದಿಂದ ಬಳಲುತ್ತಿದ್ದವರು ಮೊದಲ ಪಂಗಡದಲ್ಲಿ ಶೇಕಡ 9, ಎರಡನೆಯದರಲ್ಲಿ ಶೇಕಡ 42. ಗುಂಪುಗಳನ್ನು ನಡೆಸಿದವರು ವೈದ್ಯರಲ್ಲ, ತರಬೇತಿ ಮತ್ತು ಮೇಲ್ವಿಚಾರಣೆ ಪಡೆದ ಸ್ಥಳೀಯ ಕಾರ್ಯಕರ್ತೆಯರು. ಇದರಿಂದ ತಿಳಿಯುವುದೇನೆಂದರೆ, ಸಹಾನುಭೂತಿಯ ಜೊತೆಗೆ ಕ್ರಮಬದ್ಧವಾದ ವಿಧಾನವೂ ಇದ್ದರೆ ಫಲ ಹೆಚ್ಚು. ತಜ್ಞರು ವಿರಳವಾದ ಪ್ರದೇಶದಲ್ಲಿಯೂ ಅದು ಅಸಾಧ್ಯವಲ್ಲ.

ಇನ್ನು ನೆರವನ್ನು ಅರಸುವ ಕ್ರಮ. ಘಟನೆ ಇತ್ತೀಚಿನದಾದರೆ ಶರೀರದ ರಕ್ಷಣೆಯೇ ಮೊದಲು. ಎಚ್.ಐ.ವಿ. ಸೋಂಕನ್ನು ತಡೆಯುವ ಔಷಧವನ್ನು 72 ಗಂಟೆಗಳೊಳಗೆ, ಗರ್ಭನಿರೋಧಕ ಮಾತ್ರೆಯನ್ನು 120 ಗಂಟೆಗಳೊಳಗೆ ತೆಗೆದುಕೊಳ್ಳಬೇಕು. ಎರಡೂ ಬೇಗನಾದಷ್ಟು ಒಳ್ಳೆಯದು. ಸರ್ಕಾರಿ ಆಸ್ಪತ್ರೆಯಾಗಲಿ ಖಾಸಗಿ ಆಸ್ಪತ್ರೆಯಾಗಲಿ ಅತ್ಯಾಚಾರಕ್ಕೊಳಗಾದವರಿಗೆ ಕೂಡಲೇ ಉಚಿತ ಚಿಕಿತ್ಸೆ ನೀಡಬೇಕೆಂಬುದು ಕಾನೂನಿನ ವಿಧಿ. 2015ರಲ್ಲಿ ಆರಂಭವಾದ ಸಖಿ ಕೇಂದ್ರಗಳಲ್ಲಿ ಸ್ತ್ರೀಯರಿಗೆ ವೈದ್ಯಕೀಯ ನೆರವು, ಆಪ್ತಸಲಹೆ, ಕಾನೂನು ಸಲಹೆ, ತಾತ್ಕಾಲಿಕ ವಸತಿ ಒಂದೇ ಕಡೆ ದೊರೆಯುತ್ತವೆ. ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098. ಮಾನಸಿಕ ನೆರವಿಗಾಗಿ 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಯಲ್ಲಿ ಗಂಡಸರು ಹೆಂಗಸರೆನ್ನದೆ ಯಾರಾದರೂ ಕನ್ನಡದಲ್ಲಿಯೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಈ ಯೋಜನೆಯ ಕೇಂದ್ರಸಂಸ್ಥೆ.

ಚಿಕಿತ್ಸಕರನ್ನು ಆರಿಸುವಾಗ ಸಂಕೋಚಪಡದೆ ಪ್ರಶ್ನಿಸಬೇಕು. ಚಿಕಿತ್ಸಾ ಮನಶ್ಶಾಸ್ತ್ರಜ್ಞರಾದರೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರೇ? ಇಂತಹ ಆಘಾತದ ಚಿಕಿತ್ಸೆಯಲ್ಲಿ ಅವರಿಗೆ ತರಬೇತಿಯಿದೆಯೇ? ಯಾವ ವಿಧಾನವನ್ನು ಅನುಸರಿಸುತ್ತಾರೆ? ಕೂಟವಾದರೆ, ನಡೆಸುವವರು ಯಾರು, ಹೇಳಿದುದು ಹೊರಗೆ ಹೋಗದಂತೆ ಏನು ನಿಯಮವಿದೆ, ಮಾತನಾಡದೆ ಸುಮ್ಮನೆ ಕುಳಿತಿರಲು ಅವಕಾಶವಿದೆಯೇ, ಬೇಡವೆನಿಸಿದಾಗ ಬಿಟ್ಟು ಹೋಗಬಹುದೇ ಎಂದು ಕೇಳಬೇಕು. ಮೊದಲ ದಿನವೇ ಎಲ್ಲವನ್ನೂ ಹೇಳಬೇಕೆಂದು ಒತ್ತಾಯಿಸುವ ಸ್ಥಳವನ್ನು ಬಿಡುವುದೇ ಲೇಸು. ಆಘಾತಕ್ಕೊಳಗಾದ ಕೂಡಲೇ ಘಟನೆಯ ವಿವರಗಳನ್ನೆಲ್ಲ ಒಂದೇ ಬೈಠಕ್ಕಿನಲ್ಲಿ ಹೇಳಿಸುವ ಪದ್ಧತಿ ಕೂಡದೆಂದು ವಿಶ್ವ ಆರೋಗ್ಯ ಸಂಸ್ಥೆಯೂ 2013ರಲ್ಲಿ ಸೂಚಿಸಿದೆ.

ಕೊನೆಯದಾಗಿ ಅಧ್ಯಾಪಕರ ಹೊಣೆ. ‘ಸರ್, ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡಿ’ ಎಂದು ವಿದ್ಯಾರ್ಥಿಯು ಕೇಳಿದಾಗ ಕನಿಕರದಿಂದ ಒಪ್ಪಿಬಿಡುವುದು ಸಹಜ. ಆದರೆ 2012ರ ಪೋಕ್ಸೋ ಕಾಯಿದೆಯ 19ನೆಯ ಪ್ರಕರಣದಂತೆ, 18 ವರ್ಷ ತುಂಬದವರ ಮೇಲೆ ನಡೆದ ಅಪರಾಧ ತಿಳಿದುಬಂದಲ್ಲಿ ಪೊಲೀಸರಿಗೆ ವರದಿ ಮಾಡುವುದು ಕಡ್ಡಾಯ, ಮಾಡದಿರುವುದು ಶಿಕ್ಷಾರ್ಹ. ಪದವಿಪೂರ್ವ ತರಗತಿಗಳವರಲ್ಲಿ ಬಹುತೇಕರು ಈ ವಯಸ್ಸಿನವರೇ. ಕೊಟ್ಟ ಮಾತನ್ನು ಮರುದಿನ ಮುರಿದರೆ, ನಂಬಿಕೆ ಒಮ್ಮೆ ಮುರಿದವರಲ್ಲಿ ಅದು ಎರಡನೆಯ ಸಲ ಮುರಿಯುತ್ತದೆ. ಆದುದರಿಂದ ಮಾತು ಮುಂದುವರಿಯುವ ಮೊದಲೇ, ಯಾವುದನ್ನು ಗುಟ್ಟಾಗಿಡಬಲ್ಲೆವು, ಯಾವುದನ್ನು ಇಡಲಾರೆವು ಎಂಬುದನ್ನು ಸೌಮ್ಯವಾಗಿ ತಿಳಿಸಬೇಕು. ವಯಸ್ಕರ ಮೇಲೆ ನಡೆದ ದೌರ್ಜನ್ಯವನ್ನು ಕೇಳಿ ತಿಳಿದ ಅಧ್ಯಾಪಕರಿಗೆ ಈ ಕಾಯಿದೆಯ ನಿರ್ಬಂಧವಿಲ್ಲ. ದೂರು ಕೊಡುವ ನಿರ್ಧಾರವನ್ನು ನೊಂದವರಿಗೇ ಬಿಡಬೇಕು. ಸಖಿ ಕೇಂದ್ರದ ನೆರವಿಗಾಗಲಿ ಆಪ್ತಸಲಹೆಗಾಗಲಿ ಪೊಲೀಸ್ ದೂರು ಪೂರ್ವನಿಯಮವಲ್ಲ.

ಮೇಲ್ಕಂಡ ವಿವೇಚನೆಯಿಂದ ಹೊರಡುವ ತತ್ತ್ವ ಇಷ್ಟು: ದೌರ್ಜನ್ಯವೆಂದರೆ ಒಬ್ಬರ ಇಚ್ಛೆಯನ್ನು ಕಸಿದುಕೊಳ್ಳುವುದು, ನೆರವೆಂದರೆ ಅದನ್ನು ಅವರಿಗೆ ಹಿಂದಿರುಗಿಸುವುದು. ಕೂಟವೋ ಚಿಕಿತ್ಸೆಯೋ ಎರಡೂ ಕೂಡಿಯೋ, ಇಂದೋ ಮುಂದಿನ ವರ್ಷವೋ ಎಂಬ ಆಯ್ಕೆ ಸಾಧ್ಯವಾದಮಟ್ಟಿಗೆ ಅವರದಾಗಿರಬೇಕು. ದಾರಿಗಳು ಯಾವುವೆಂದು ಮೊದಲೇ ತಿಳಿದಿಟ್ಟುಕೊಂಡು, ಕೇಳಿದಾಗ ತಪ್ಪಿಲ್ಲದೆ ತೋರಿಸುವುದು ನಮ್ಮ ಪಾಲಿನ ಕೆಲಸ. ಪ್ರತಿಯೊಂದು ಕಾಲೇಜೂ ತನ್ನ ಜಿಲ್ಲೆಯಲ್ಲಿರುವ ಕೇಂದ್ರಗಳ ಹಾಗೂ ಚಿಕಿತ್ಸಕರ ಪಟ್ಟಿಯನ್ನು ಸಿದ್ಧಪಡಿಸಿ, ವರ್ಷಕ್ಕೊಮ್ಮೆ ಪರಿಶೀಲಿಸಿ, ಎಲ್ಲ ಅಧ್ಯಾಪಕರ ಕೈಯಲ್ಲಿರಿಸುವುದು ಈ ದಿಸೆಯಲ್ಲಿ ಮೊದಲ ಹೆಜ್ಜೆಯಾದೀತು.