ಹೊತ್ತು ಮುಳುಗಿದ ಮೇಲೂ ಬೆಳಕು

ಕುಂದಾಪುರದ ಕೋಡಿ ಬೀಚು. ನೋಡಿ, ಸೂರ್ಯನ ಕೆಳಗಿನ ಅಂಚು ನೀರಿಗೆ ತಾಗಿತು. ಅಸಲಿಗೆ ಅವನು ಆಗಲೇ ದಿಗಂತದ ಕೆಳಗೆ ಇಳಿದಾಗಿದೆ! ಗಾಳಿಯ ಪದರ ಬೆಳಕನ್ನು ಬಗ್ಗಿಸಿ ಬಿಂಬವನ್ನು ಮೇಲೆತ್ತಿ ತೋರಿಸುತ್ತಿದೆ, ಅಷ್ಟೆ.

ಎರಡು ಚಿಲ್ಲರೆ ನಿಮಿಷದಲ್ಲಿ ಪೂರ್ತಿ ಮಾಯ. ಈಗಲೇ ಎದ್ದು ಹೊರಡಬೇಡಿ ಮಾರಾಯ್ರೆ, ಬಣ್ಣದಾಟ ಇರುವುದೇ ಇನ್ನು ಮುಂದೆ. ಸೂರ್ಯ 6 ಡಿಗ್ರಿ ಕೆಳಗಿಳಿಯುವ ತನಕ, ಅಂದರೆ ಸುಮಾರು 22 ನಿಮಿಷ, ಮರಳಲ್ಲಿ ಕಳಚಿಟ್ಟ ಚಪ್ಪಲಿ ಹುಡುಕಲು ಟಾರ್ಚ್ ಬೇಡ. 18 ಡಿಗ್ರಿ ಇಳಿದರೆ ಪೂರಾ ಕತ್ತಲು. ಅದಕ್ಕೆ ಹೆಚ್ಚುಕಮ್ಮಿ ಒಂದೂಕಾಲು ಗಂಟೆ.

ಇನ್ನೊಂದು ತಮಾಷೆ. ವರ್ಷದ ಅತಿ ಚಿಕ್ಕ ಹಗಲು ಡಿಸೆಂಬರ್ 21ರ ಆಸುಪಾಸು. ಆದರೆ ಇಲ್ಲಿ ಎಲ್ಲಕ್ಕಿಂತ ಬೇಗ ಹೊತ್ತು ಮುಳುಗುವುದು ನವೆಂಬರಿನಲ್ಲೇ, ಆರರ ಹೊತ್ತಿಗೆ. ಜುಲೈಯಲ್ಲಿ ಏಳು ದಾಟುತ್ತದೆ. ಮಳೆಮೋಡದ ನಡುವೆ ಸೂರ್ಯ ಕಂಡರೆ ನಿಮ್ಮ ಪುಣ್ಯ!